ಅಲ್ಯೂಮಿನಿಯಂ ತಗಡು ಬಗ್ಗಿಸೋಕೆ ಸೋಪು ಹಚ್ಚಿ ಕಾಯಿಸಿ

ಹಳೇ ಪದ್ಮಿನಿ, ಅಂಬಾಸಿಡರ್ ಕಾರುಗಳ ಬಾಗಿಲಿನ ಒಳಪ್ಯಾನೆಲ್ಲನ್ನು ಮನೇಲೇ ಮಾಡ್ತಿರೋರಿಗೆ ಒಂದು ಮಾತು. 1 ಮಿ.ಮೀ. ಅಲ್ಯೂಮಿನಿಯಂ ತಗಡನ್ನು ಬಡಿಯೋ ಮೊದಲು ಒಣಗಿದ ಮೈಸೋಪಿನ ಚೂರಿನಿಂದ ಗೀಟು ಎಳೆಯಿರಿ, ಆಮೇಲೆ ಗ್ಯಾಸ್ ಟಾರ್ಚ್ ಆಡಿಸುತ್ತಾ ಕಾಯಿಸಿ. ಗೀಟು ಬೆಲ್ಲದ ಬಣ್ಣ ದಾಟಿ ಕಾಫಿಪುಡಿ ಬಣ್ಣಕ್ಕೆ ಬಂದ ಕೂಡಲೇ ಟಾರ್ಚ್ ತೆಗೆದು, ತಗಡನ್ನು ಆರಲು ಬಿಡಿ. ಬಡಿದಷ್ಟೂ ತಗಡು ಗಟ್ಟಿಯಾಗಿ ಕೊನೆಗೆ ಬಿರುಕು ಬಿಡುತ್ತದೆ. ಹೀಗೆ ಕಾಯಿಸಿದರೆ ಮತ್ತೆ ಮೆತ್ತಗಾಗುತ್ತದೆ. ಸೋಪು ಯಾಕೆ ಅಂದ್ರೆ, ಅಲ್ಯೂಮಿನಿಯಂ ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಸೋದಿಲ್ಲ. 660 ಡಿಗ್ರಿ ಹತ್ತಿರ ಬಂದರೆ ಸುಮ್ನೆ ಕರಗಿ ಜಾರಿ ತೂತು ಬೀಳುತ್ತದೆ, ಆಗ ಹೋದದ್ದು ಹೋಯ್ತು. ಬಟ್ಟೆ ಸೋಪು ಬೇಡ, ಅದರಲ್ಲಿ ಬಿಳಿ ಪುಡಿ ಜಾಸ್ತಿ, ಬಣ್ಣ ಸರಿಯಾಗಿ ಕಾಣೋದಿಲ್ಲ. ನಮ್ಮ ದಾವಣಗೆರೆಯ ಮಧ್ಯಾಹ್ನದ ಬಿಸಿಲಿನಲ್ಲಂತೂ ಟಾರ್ಚಿನ ಉರಿಯೇ ಕಾಣೋದಿಲ್ಲ, ನೆರಳಲ್ಲೇ ಮಾಡಿ. ಆರಿದ ಮೇಲೆ ಹಳೇ ಜೀನ್ಸ್ ಕಾಲಿಗೆ ಒಣ ಮರಳು ತುಂಬಿ ಹೊಲಿದ ದಿಂಬಿನ ಮೇಲಿಟ್ಟು, ಮರದ ಕೊಡತಿಯಿಂದ ಅಂಚಿನಿಂದ ನಡುವಿಗೆ ಸಣ್ಣ ಸಣ್ಣ ಏಟು ಕೊಡಿ. ಜೋರಾಗಿ ಒಂದೇ ಕಡೆ ಬಡಿದರೆ ನೆಗ್ಗು ಬೀಳುತ್ತೆ, ಆಮೇಲೆ ತೆಗೆಯೋದು ಕಷ್ಟ. ಮತ್ತೆ ಗಟ್ಟಿಯಾಯ್ತು ಅನ್ನಿಸಿದರೆ ಮತ್ತೊಮ್ಮೆ ಸೋಪು ಹಚ್ಚಿ ಕಾಯಿಸಿ, ಎಷ್ಟು ಸಲವಾದರೂ ಸರಿ. ಆದರೆ ತಗಡಿನ ಮೇಲೆ 6061 ಅಂತ ಇದ್ದರೆ (ಅದು ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯೂಮಿನಿಯಂ ಮಿಶ್ರಲೋಹದ ನಂಬರು) ಈ ಉಪಾಯ ಬೇಡ, ಅದರ ಬಲವೇ ಹೋಗುತ್ತದೆ. ಉಕ್ಕಿನ ತಗಡಿಗೂ ಇದು ನಡೆಯೋದಿಲ್ಲ, ಅದನ್ನು ಕೆಂಪಗೆ ಕಾಯಿಸಲೇಬೇಕು.