ಹಳೆ ಡಬ್ಬಿಯ ಆಣೆ, ಪೈಸೆಗಳನ್ನು ಗುರುತಿಸುವುದು ಹೇಗೆ?

ಅಜ್ಜಿಯ ಟ್ರಂಕಿನಲ್ಲೋ ಸಾಸಿವೆ ಡಬ್ಬಿಯಲ್ಲೋ ಹಳೆ ಚಿಲ್ಲರೆ ಸಿಕ್ಕರೆ ನಾವು ಮೊದಲು ಹುಡುಕುವುದು ಹುಣಸೆಹಣ್ಣನ್ನು. ದಯವಿಟ್ಟು ಉಜ್ಜಬೇಡಿ. ಹುಳಿ ತಾಗಿದರೆ ಮೇಲಿನ ಹಳೆ ಬಣ್ಣ ಹೋಗುತ್ತದೆ, ಉಜ್ಜಿದರೆ ಗೆರೆ ಬೀಳುತ್ತವೆ. ಅದು ಮತ್ತೆ ಸರಿಹೋಗುವುದಿಲ್ಲ. ಮಣ್ಣಿದ್ದರೆ ಬರೀ ನೀರಲ್ಲಿ ನೆನೆಸಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಅಷ್ಟು ಸಾಕು.

ಈಗ ಮುಖ ನೋಡಿ. ರಾಜನ ತಲೆ ಇದ್ದರೆ ಬ್ರಿಟಿಷರ ಕಾಲದ ನಮೂನೆ. 1947ರಲ್ಲಿ ಸ್ವಾತಂತ್ರ್ಯ ಬಂದರೂ ನಾಣ್ಯದ ಮೇಲೆ ರಾಜ ಇನ್ನೂ ಮೂರು ವರ್ಷ ಉಳಿದಿದ್ದ. 1950ರ ಆಗಸ್ಟ್ 15ರಂದು ಹೊಸ ನಾಣ್ಯಗಳು ಬಂದವು. ರಾಜನ ಜಾಗದಲ್ಲಿ ಅಶೋಕ ಸ್ತಂಭದ ಸಿಂಹಗಳು ಕೂತವು.

ಆಮೇಲೆ ತಿರುಗಿಸಿ. ಕುದುರೆ ಕಂಡರೆ ಅದು ಒಂದು ಪೈಸೆ, ಕಂಚಿನದು. ಗೂಳಿ ಕಂಡರೆ ಆಣೆ. ಚೌಕವಾಗಿದ್ದರೆ ಅರ್ಧಾಣೆ ಅಥವಾ ಎರಡಾಣೆ, ಅಂಚು ಹೂವಿನ ಎಸಳಿನಂತಿದ್ದರೆ ಒಂದಾಣೆ. ಗೋಧಿ ತೆನೆ ಇದ್ದರೆ ನಾಲ್ಕಾಣೆ, ಎಂಟಾಣೆ ಅಥವಾ ರೂಪಾಯಿ. ಅಶೋಕ ಸ್ತಂಭದ ಸಿಂಹಗಳ ಕಾಲಡಿಯ ಪಟ್ಟಿಯಲ್ಲೂ ಒಂದು ಕುದುರೆ, ಒಂದು ಗೂಳಿ ಇವೆ. ಭೂತಗನ್ನಡಿ ಹಿಡಿದು ಹುಡುಕಿ, ಮಕ್ಕಳಿಗೂ ತೋರಿಸಿ. ನನಗಂತೂ ಇದು ಎಷ್ಟು ಸಲ ನೋಡಿದರೂ ಸಾಲದು.

ಮಸುಕಾಗಿ ಏನೂ ಕಾಣದಿದ್ದರೆ ಅಯಸ್ಕಾಂತ ಹಿಡಿಯಿರಿ. ತೆನೆ ನಾಣ್ಯಗಳು ನಿಕ್ಕಲ್‌ನವು, ಅಂಟಿಕೊಳ್ಳುತ್ತವೆ. ಗೂಳಿಯದು ತಾಮ್ರ ಬೆರೆತ ನಿಕ್ಕಲ್, ಅಂಟುವುದಿಲ್ಲ.

ಇಸವಿಯ ಕೆಳಗೆ ವಜ್ರದಾಕಾರದ ಪುಟ್ಟ ಗುರುತಿದ್ದರೆ ಬೊಂಬಾಯಿ ಟಂಕಸಾಲೆಯದು. ಏನೂ ಇಲ್ಲದಿದ್ದರೆ ಕಲ್ಕತ್ತೆಯದು.

ಲೆಕ್ಕ ಹೀಗೆ: ನಾಲ್ಕು ಪೈಸೆಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಅಂದರೆ ರೂಪಾಯಿಗೆ 64 ಪೈಸೆ. 1957ರ ಏಪ್ರಿಲ್ 1ರಂದು ಅದು 100 ಆಯಿತು. ಗೊಂದಲ ಬೇಡವೆಂದು 1964ರವರೆಗೆ ‘ನಯಾ ಪೈಸೆ’ ಎಂದೇ ಕರೆದರು. ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಅನ್ನುವ ರೂಢಿ ಮಾತ್ರ ಹೋಗಲೇ ಇಲ್ಲ, ಅಲ್ವಾ?

ಕೊನೆಗೆ, ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ. ಮೆತ್ತನೆಯ ಪಿವಿಸಿ ಕವರ್ ಬೇಡ, ಕೆಲವು ವರ್ಷಗಳಲ್ಲಿ ಹಸಿರು ಜಿಗುಟು ಕಟ್ಟುತ್ತದೆ. ಲಕೋಟೆ ಮೇಲೆ ಇಸವಿ ಬರೆಯಿರಿ. ಯಾರ ಡಬ್ಬಿಯಲ್ಲಿ ಸಿಕ್ಕಿತು ಅನ್ನುವುದನ್ನೂ ಬರೆಯಿರಿ. ಇಸವಿ ನಾಣ್ಯದ ಮೇಲೇ ಇರುತ್ತದೆ, ಅಜ್ಜಿಯ ಹೆಸರು ಇರುವುದಿಲ್ಲ.