ಅಡುಗೆ ಸ್ಪರ್ಧೆಗೆ ಕಣಿಲೆ ಮಾಡುವವರಿಗೆ

ನಮ್ಮ ಕೊಡಗಿನ ಮಳೆಗಾಲದ ಕಕ್ಕಡ ತಿಂಗಳ ಅಡುಗೆ ಸ್ಪರ್ಧೆಗೆ ಎಲ್ಲರೂ ಪಂದಿಕರಿಯನ್ನೇ (ಹಂದಿ ಮಾಂಸದ ಕರಿ) ಯಾಕೆ ತರಬೇಕು? ಈ ಸಲ ಬೈಂಬಳೆ ಕರಿ, ಅಂದರೆ ಕಣಿಲೆಯ (ಎಳೆ ಬಿದಿರಿನ) ಕರಿ ಮಾಡಿ ನೋಡಿ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಎಲ್ಲರಿಗೂ ಇಷ್ಟವಾಗುವ ಊಟ ಇದು, ಆದರೆ ಸ್ಪರ್ಧೆಯ ಮೇಜಿನ ಮೇಲೆ ಕಾಣುವುದು ತುಂಬಾ ಕಡಿಮೆ.

ತಯಾರಿ ಮಾತ್ರ ಮೊದಲೇ ಶುರುವಾಗಬೇಕು. ಎಳೆ ಕಣಿಲೆಯ ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಎರಡು ಮೂರು ದಿನ ನೀರಲ್ಲಿ ನೆನೆಹಾಕಿ. ದಿನಾ ನೀರು ಬದಲಿಸಿ. ಆಮೇಲೆ ಚೆನ್ನಾಗಿ ಬೇಯಿಸಿ ಆ ನೀರನ್ನೂ ಚೆಲ್ಲಿ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಹಾಗಾಗಿ ಸಮಯ ಇಲ್ಲ ಅಂತ ಇದನ್ನು ಬಿಡಲೇಬೇಡಿ. ಕಹಿಯೂ ಹೀಗೇ ಹೋಗುತ್ತದೆ.

ತೆಂಗಿನಕಾಯಿ ಮಸಾಲೆ ನುಣ್ಣಗೆ ರುಬ್ಬಿ, ಖಾರ ಹದವಾಗಿರಲಿ. ಕಣಿಲೆಯ ಆ ಸಣ್ಣ ಹುಳಿ ವಾಸನೆ ಮುಚ್ಚಿಹೋಗಬಾರದು, ರುಚಿ ಇರುವುದೇ ಅದರಲ್ಲಿ ಅಲ್ವಾ!

ಜೊತೆಗೆ ಅಕ್ಕಿ ರೊಟ್ಟಿ ಇಡಿ. ತಣ್ಣಗಾದರೆ ಗಟ್ಟಿಯಾಗುತ್ತದೆ, ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ಡಬ್ಬಿಯಲ್ಲಿ ತನ್ನಿ. ಅಲಂಕಾರಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಹೊರಗಿನ ತೀರ್ಪುಗಾರರಾದರೆ ಇದು ಎಳೆ ಬಿದಿರು, ಹೇಗೆ ನೆನೆಸಿದ್ದೀರಿ ಅಂತ ಬಡಿಸುವಾಗಲೇ ಹೇಳಿ. ಧೈರ್ಯವಾಗಿ ಇನ್ನೊಂದು ತುತ್ತು ತಿನ್ನುತ್ತಾರೆ.