ಅಮ್ಮನ ಕೆನಡಾ ವಿಸಾಗೆ ನಾನೇ ಬರೆದ ಇನ್ವಿಟೇಶನ್ ಲೆಟರ್

ಎರಡನೇ ಹೆರಿಗೆಗೆ ಸಾಗರದಿಂದ ಅಮ್ಮನ್ನ ಇಲ್ಲಿಗೆ, ಅಂದ್ರೆ ಕೆನಡಾದ ಮಿಸಿಸಾಗಾಗೆ, ಕರೆಸ್ಕೋಬೇಕು ಅಂತ ಹೊರಟಾಗ, ವಿಸಾ ಅರ್ಜಿ ಜೊತೆ ಕರೆಯೋರು ಬರೆದು ಕೊಡೋ ಇನ್ವಿಟೇಶನ್ ಲೆಟರಿಗೆ ಗೊತ್ತಿದ್ದೋರ ಹತ್ರ ಸ್ಯಾಂಪಲ್ ಕೇಳಿದ್ದೆ. ಬಂದಿದ್ದೆಲ್ಲ ಹೆಚ್ಚುಕಮ್ಮಿ ಒಂದೇ ಥರ, ನಮ್ ತಾಯಿಯವ್ರು ನಿಮ್ಮ ಸುಂದರ ದೇಶ ನೋಡಕ್ಕೆ ಕಾಯ್ತಿದಾರೆ ಅಂತ ಶುರುವಾಗಿ ನಯಾಗರಾ, ಸಿಎನ್ ಟವರ್ ಎಲ್ಲ ಸುತ್ತಾಡ್ಸಿ ದಯವಿಟ್ಟು ವಿಸಾ ಕೊಡಿ ಅಂತ ಮುಗಿಯೋವು. ನಮ್ಮಮ್ಮಂಗೆ ಜೋಗ ಮನೆ ಬಾಗ್ಲಲ್ಲೇ ಇದೆ, ಅವ್ಳು ನಯಾಗರಾಗಾಗಿ ಬರ್ತಿಲ್ಲ, ಬಾಣಂತನಕ್ಕೆ ಬರ್ತಿರೋದು, ಹಾಗಂತ್ಲೇ ಬರೆದೆ.

ಬಾಣಂತನ ಅಂತ ಬರೀಬೇಡ, ಮಗು ನೋಡ್ಕೊಳ್ಳೋ ಕೆಲಸಕ್ಕೆ ಕರೆಸ್ತಿದಾರೆ ಅನ್ಕೋತಾರೆ ಅಂತ ಹೆದರ್ಸಿದೋರು ಬಹಳ ಜನ. ಆದ್ರೆ ಐಆರ್‌ಸಿಸಿ ಅಂದ್ರೆ ಇಲ್ಲಿನ ಇಮಿಗ್ರೇಶನ್ ಇಲಾಖೆನೇ, ಭೇಟಿಗೆ ಬಂದ ತಾಯಿ ಸಂಬಳ ಇಲ್ದೆ ಮಗಳ ಮಕ್ಕಳನ್ನ ನೋಡ್ಕೊಂಡ್ರೆ ಅದು ಕೆಲಸ ಅಲ್ಲ ಅಂತ ಉದಾಹರಣೆ ಕೊಟ್ಟೇ ಹೇಳಿದೆ. ನಿಜವಾದ ಕಾರಣ ಇರುವಾಗ ಟೂರಿಸ್ಟ್ ವೇಷ ಯಾಕೆ ಹಾಕ್ಸ್ಬೇಕು? ಡಾಕ್ಟ್ರ ಹತ್ರ ಡ್ಯೂ ಡೇಟ್ ಇರೋ ಚೀಟಿ ತಗೊಂಡು ಜೊತೆಗಿಟ್ಟೆ.

ಲೆಟರ್ ಒಂದೇ ಪುಟ. ಅಮ್ಮನ ಹೆಸ್ರು, ಹುಟ್ಟಿದ ತಾರೀಕು, ವಿಳಾಸ, ಫೋನು, ನಂಗೇನಾಗ್ಬೇಕು, ಯಾಕೆ ಬರ್ತಾಳೆ, ಯಾವತ್ತು ಬಂದು ಯಾವತ್ತು ವಾಪಸ್ ಹೋಗ್ತಾಳೆ, ಎಲ್ಲಿರ್ತಾಳೆ, ಖರ್ಚು ಯಾರ್ದು. ಆಮೇಲೆ ನನ್ ವಿವರ, ಉದ್ಯೋಗ, ಪಿಆರ್ ಕಾರ್ಡ್ (ಇಲ್ಲಿ ಕಾಯಂ ಇರೋರಿಗೆ ಕೊಡೋ ಕಾರ್ಡ್) ಕಾಪಿ, ಗಂಡ ಮಗಳ ಹೆಸ್ರು ಹುಟ್ಟಿದ ತಾರೀಕು, ಮನೇಲಿ ಒಟ್ಟು ಎಷ್ಟು ಜನ. ಹೆಸ್ರು ಮಾತ್ರ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಇರ್ಬೇಕು. ಅಮ್ಮನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಅಂಥೋರು ಫಾರ್ಮಲ್ಲಿ ಪೂರ್ತಿ ಹೆಸ್ರನ್ನ ಫ್ಯಾಮಿಲಿ ನೇಮ್ ಜಾಗದಲ್ಲಿ ಹಾಕಿ ಗಿವನ್ ನೇಮ್ ಖಾಲಿ ಬಿಡ್ಬೇಕು. ತಾರೀಕುಗಳೂ ಅಷ್ಟೇ, ಫಾರ್ಮಲ್ಲಿ ಒಂದು ಲೆಟರಲ್ಲಿ ಒಂದು ಇರ್ಬಾರ್ದು.

ನಾನು ಜಾಸ್ತಿ ತಲೆ ಕೆಡಿಸ್ಕೊಂಡಿದ್ದು ವಾಪಸ್ ಹೋಗೋ ಪ್ಯಾರಾ ಬಗ್ಗೆ. ರಿಜೆಕ್ಟ್ ಆದ ಎಷ್ಟೋ ಜನರ ಕಾಗದದಲ್ಲಿ ಇರೋ ಕಾರಣ ಒಂದೇ, ಅವಧಿ ಮುಗಿದ್ಮೇಲೆ ದೇಶ ಬಿಟ್ಟು ಹೋಗ್ತೀರಿ ಅಂತ ನಂಬಿಕೆ ಬರ್ಲಿಲ್ಲ ಅಂತ. ಖಂಡಿತ ವಾಪಸ್ ಹೋಗ್ತಾರೆ, ಇದು ನನ್ನ ಭಾಷೆ ಅಂತ ನಾನು ಬರೆದ್ರೆ ಆಫೀಸರಿಗೆ ಅದ್ರಿಂದ ಏನು ಸಿಕ್ತು? ಅದಕ್ಕೆ ಹೀಗೆ ಬರೆದೆ: "ಅಪ್ಪ ಊರಲ್ಲೇ ಇರ್ತಾರೆ, ನಮ್ದು ಅಡಿಕೆ ತೋಟ, ಅಕ್ಟೋಬರಿಂದ ಕೊಯ್ಲು ಶುರು, ಆಳುಗಳ ಊಟ ತಿಂಡಿ, ಅಡಿಕೆ ಸುಲಿಸೋದು, ಬೇಯಿಸೋದು, ಒಣಗ್ಸೋದು ಎಲ್ಲ ಅಮ್ಮನ ಉಸ್ತುವಾರಿ, ಆದ್ರಿಂದ ಸೆಪ್ಟೆಂಬರ್ ಮುಗಿಯೋದ್ರೊಳಗೆ ಹೊರಡ್ತಾರೆ." ಇಂಗ್ಲಿಷಲ್ಲಿ ಇಷ್ಟೇ, ಸಾದಾ ವಾಕ್ಯ. ಕೆಳಗೆ ದಾಖಲೆ: ಪಹಣಿ, ಅಡಿಕೆ ಮಾರಿದ ಬಿಲ್ಲು, ಅಪ್ಪಯ್ಯನ ಬ್ಯಾಂಕ್ ಸ್ಟೇಟ್‌ಮೆಂಟು.

ಪಹಣಿ ಇರೋದು ಕನ್ನಡದಲ್ಲಿ. ನಾನೇ ಕೂತು ಇಂಗ್ಲಿಷ್ ಮಾಡ್ಬೋದಿತ್ತು, ಆದ್ರೆ ಮನೆಯೋರು ಮಾಡಿದ ಅನುವಾದ ನಡೆಯಲ್ಲ, ಹೊರಗಿನೋರ ಹತ್ರ ಮಾಡ್ಸಿ ಅವ್ರ ಅಫಿಡವಿಟ್ಟೂ ಹಾಕ್ಬೇಕು, ತಮ್ಮ ಸಾಗರದಲ್ಲೇ ಮಾಡ್ಸಿ ಮೂಲ ಕಾಪಿ ಸಮೇತ ಸ್ಕ್ಯಾನ್ ಮಾಡಿ ಕಳ್ಸಿದ. ಪಹಣಿ ಅಪ್ಪಯ್ಯನ ಹೆಸ್ರಲ್ಲಿದೆ, ಅಮ್ಮನ ಪಾಸ್‌ಪೋರ್ಟ್ ಕೊನೆ ಪುಟದಲ್ಲಿ ಗಂಡನ ಹೆಸ್ರು ಇದೆ, ನನ್ ಪಾಸ್‌ಪೋರ್ಟಲ್ಲಿ ಅಮ್ಮನ ಹೆಸ್ರಿದೆ, ಆ ಪುಟಗಳನ್ನೂ ಹಾಕಿ ಸಂಬಂಧ ತೋರ್ಸಿದ್ವಿ.

ಖರ್ಚು ನಮ್ದೇ ಅಂತ ಬರೆದ್ಮೇಲೆ ಅದಕ್ಕೂ ಪುರಾವೆ ಬೇಕಲ್ಲ, ಆಫೀಸಿಂದ ಒಂದು ಲೆಟರ್, ಪೇ ಸ್ಲಿಪ್ಪು, ಇಲ್ಲಿನ ತೆರಿಗೆ ಇಲಾಖೆಯೋರು ಕೊಡೋ ನೋಟಿಸ್ ಆಫ್ ಅಸೆಸ್‌ಮೆಂಟ್. ಲೆಟರಿಗೆ ನೋಟರಿ ಮಾಡಿಸ್ಲೇಬೇಕು ಅಂತ ಊರಿನ ಏಜೆಂಟೊಬ್ಬ ಪಟ್ಟು ಹಿಡಿದಿದ್ದ, ನಾನು ಮಾಡಿಸ್ಲಿಲ್ಲ, ವಿಸಾ ಆಫೀಸಿನೋರು ಕೇಳಿದ್ರೆ ಮಾತ್ರ ಬೇಕಾಗೋದು. ಸಹಿ ತಾರೀಕು ಹಾಕಿ ಪಿಡಿಎಫ್ ಮಾಡಿ ಅಪ್ಲೋಡ್ ಮಾಡ್ದೆ. ಫೀಸು 100 ಡಾಲರ್, ಬಯೋಮೆಟ್ರಿಕ್ಕಿಗೆ 85, ಬೆರಳಚ್ಚು ಕೊಡಕ್ಕೆ ಅಮ್ಮ ಬೆಂಗಳೂರಿಗೆ ಹೋಗ್ಬಂದ್ಳು.

ಅಪ್ಪ ಅಮ್ಮ, ಅಜ್ಜ ಅಜ್ಜಿಯರಿಗೆ ಅಂತ್ಲೇ ಇರೋ ಸೂಪರ್ ವೀಸಾ ಯಾಕೆ ಹಾಕ್ಲಿಲ್ಲ ಅಂತ ಕೇಳೋರಿದಾರೆ. ಅದ್ರಲ್ಲಿ ಒಂದ್ಸಲ ಬಂದ್ರೆ 5 ವರ್ಷದವರೆಗೂ ಇರ್ಬೋದು ನಿಜ, ಆದ್ರೆ ಕನಿಷ್ಠ 1 ಲಕ್ಷ ಡಾಲರ್ ಕವರೇಜಿನ ಮೆಡಿಕಲ್ ಇನ್ಶೂರೆನ್ಸ್, ಮೆಡಿಕಲ್ ಟೆಸ್ಟ್, ನಮ್ ಆದಾಯನೂ ಕನಿಷ್ಠ ಇಷ್ಟಿರ್ಬೇಕು ಅನ್ನೋ ನಿಯಮ, ಲೆಟರಲ್ಲಿ ಖರ್ಚು ನೋಡ್ಕೋತೀವಿ ಅನ್ನೋ ಮಾತು ಕಡ್ಡಾಯ. ಕೊಯ್ಲಿಗೆ ಮುಂಚೆ ಹೋಗೋಳಿಗೆ ಅಷ್ಟೆಲ್ಲ ಬೇಕಿರ್ಲಿಲ್ಲ, ಮಾಮೂಲಿ ವಿಸಿಟರ್ ವಿಸಾದಲ್ಲೇ ಸಾಮಾನ್ಯವಾಗಿ 6 ತಿಂಗಳು ಕೊಡ್ತಾರೆ. ಅಮೆರಿಕಾದಲ್ಲಿರೋರು ಇದನ್ನೇ ಕಾಪಿ ಮಾಡ್ಬೇಡಿ ಮತ್ತೆ, ಅಲ್ಲಿ ವಿಸಿಟರ್ ವಿಸಾಗೆ ಇನ್ವಿಟೇಶನ್ ಲೆಟರೇ ಬೇಕಾಗಲ್ಲ, ಸಂದರ್ಶನದಲ್ಲಿ ಬರೋರು ತಮ್ದೇ ಸಂಗತಿ ಹೇಳ್ಕೋಬೇಕು.

ವಿಸಾ ಬಂದ್ಮೇಲೇ ಟಿಕೆಟ್ ತಗೊಂಡ್ವಿ. ಲೆಟರಿನ ಒಂದು ಪ್ರಿಂಟು ಅಮ್ಮನ ಕೈಚೀಲದಲ್ಲಿ ಇಡ್ಸಿ, ಅದ್ರಲ್ಲಿ ಏನಿದೆ ಅಂತ ಫೋನಲ್ಲಿ ಓದಿ ಓದಿ ಹೇಳಿದೆ, ಯಾಕಂದ್ರೆ ಟೊರೊಂಟೊ ಏರ್‌ಪೋರ್ಟಲ್ಲಿ ಎಷ್ಟು ದಿನ ಇರ್ತೀರಿ ಅಂತ ಕೇಳಿದ್ರೆ ನಮ್ಮಮ್ಮ "ಮಗಳು ಕಳ್ಸೋವರೆಗೂ" ಅಂದ್ಬಿಡೋ ಪೈಕಿ.